ಸೋಮವ್ವ ಕೆಮ್ಮಲಿಲ್ಲ

ಬ್ಯಾಡಗಿಯಲ್ಲಿ ಹೆಂಗಸು ಅತ್ತರೆ ಯಾಕೆಂದು ಯಾರೂ ಕೇಳುವುದಿಲ್ಲ. ಮೆಣಸಿನಕಾಯಿ ಇದೆಯಲ್ಲ, ಅದರ ಮೇಲೆ ಹಾಕಿಬಿಡುತ್ತಾರೆ. ಸುಗ್ಗಿಯ ಕಾಲದಲ್ಲಿ ಹೊರಗಿನವರು ಬಸ್ಸಿನಿಂದ ಸೀನುತ್ತಲೇ ಇಳಿಯುತ್ತಾರೆ. ಮೂಗಿಗೆ ಕರವಸ್ತ್ರ ಹಿಡಿದು ಏನು ಊರಪ್ಪಾ ಇದು ಎನ್ನುತ್ತಾರೆ. ಊರಿನ ದೊಡ್ಡವರಿಗೆ ಅದನ್ನು ಕೇಳಿದರೆ ಒಂಥರಾ ಹೆಮ್ಮೆ. ಆ ಘಾಟಿನಲ್ಲೇ ಹುಟ್ಟಿ ಆ ಘಾಟಿನಲ್ಲೇ ಬೆಳೆದ ಹೆಂಗಸರಿಗೆ ಹೆಮ್ಮೆ ಪಡಲು ಪುರುಸೊತ್ತಿಲ್ಲ.

ಮಾಲತೇಶಪ್ಪ ಸಾಹುಕಾರರ ಗೋದಾಮಿನ ಹಿಂದೆ ಒಂದು ತಗಡಿನ ಶೆಡ್ಡಿದೆ. ಅಲ್ಲಿ ನಲವತ್ತೈವತ್ತು ಹೆಂಗಸರು ರಾಶಿಯ ಸುತ್ತ ಕುಳಿತು ಕಾಯಿಯ ತೊಟ್ಟು ಮುರಿಯುತ್ತಾರೆ. ತೊಟ್ಟು ಒಂದು ಕಡೆ, ಕಾಯಿ ಒಂದು ಕಡೆ. ಕೇಳಲು ಹಗುರವಾದ ಕೆಲಸ. ಸಂಜೆ ಮನೆಗೆ ಹೋದ ಮೇಲೆ ಕೈಯ ಉರಿ ಶುರುವಾಗುತ್ತದೆ. ಮಜ್ಜಿಗೆಯಲ್ಲಿ ಅದ್ದಿದರೂ ಹೋಗುವುದಿಲ್ಲ, ಕೊಬ್ಬರಿ ಎಣ್ಣೆ ಹಚ್ಚಿದರೂ ಹೋಗುವುದಿಲ್ಲ. ಎಳೆಗೂಸು ಇದ್ದವರು ಅದನ್ನು ಎತ್ತಿಕೊಳ್ಳುವ ಮೊದಲು ಕೈಗೆ ಬಟ್ಟೆ ಸುತ್ತಿಕೊಳ್ಳುತ್ತಾರೆ.

ಸಾಹುಕಾರರು ದೊಡ್ಡ ಮನುಷ್ಯರು. ಹುಬ್ಬಳ್ಳಿ, ಮುಂಬಯಿ ಕಡೆಯಿಂದ ಖರೀದಿದಾರರು ಬಂದಾಗ ಒಂದು ಕಾಯಿ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದರು.

"ನೋಡ್ರಿ, ನಮ್ಮ ಬ್ಯಾಡಗಿ ಕಾಯಿ. ಬಣ್ಣ ಭಾಳ, ಖಾರ ಕಡಿಮಿ. ನಮ್ಮ ಹೆಣ್ಮಕ್ಕಳೂ ಹಂಗ ಅದಾರ್ರಿ."

ಬಂದವರು ನಗುತ್ತಿದ್ದರು. ಶೆಡ್ಡಿನ ಹೆಂಗಸರು ತಲೆ ಬಗ್ಗಿಸಿ ತೊಟ್ಟು ಮುರಿಯುತ್ತಿದ್ದರು. ಎಲ್ಲರಿಗಿಂತ ಹಿರಿಯಳಾದ ಅಮೀರಬಿ ಮಾತ್ರ ತನ್ನಷ್ಟಕ್ಕೆ ಗೊಣಗುತ್ತಿದ್ದಳು.

"ಹೊಟ್ಟಿ ಸೀಳಿ ನೋಡಿದ್ರ ಗೊತ್ತಾಕ್ಕೈತಿ, ಖಾರ ಎಲ್ಲೈತಿ ಅಂತ."

ಅದೇ ಶೆಡ್ಡಿನಲ್ಲಿ, ಅಮೀರಬಿಯ ಪಕ್ಕದಲ್ಲಿ ಸೋಮವ್ವ ಕೂಡುತ್ತಿದ್ದಳು. ಎರಡು ಸಾವಿರದ ಆರನೇ ಇಸವಿಯ ಮಾತಿದು. ಆಗ ಅವಳಿಗೆ ಮೂವತ್ತರ ಆಸುಪಾಸು. ಫ್ರಾಕು ತೊಡುವ ವಯಸ್ಸಿನಲ್ಲೇ ಅವ್ವನ ಜೊತೆ ಈ ರಾಶಿಗೆ ಬಂದವಳು. ಕೈ ಬಹಳ ಚುರುಕು, ಮಾತೂ ಚುರುಕು. ಅವಳು ಹೇಳುವ ಹಾಸ್ಯಕ್ಕೆ ಇಡೀ ಶೆಡ್ಡು ನಕ್ಕು ನಕ್ಕು ಕೆಲಸ ನಿಲ್ಲಿಸುತ್ತಿತ್ತು. ಈಗ ಯಾರಿಗಾದರೂ ಹೇಳಿದರೆ ನಂಬುವುದಿಲ್ಲ.

ಅವಳ ಗಂಡ ಕೊಟ್ರಪ್ಪ ಮೂರು ಗಾಲಿಯ ಟಂಟಂ ಓಡಿಸುತ್ತಾನೆ. ಪೇಟೆಯ ಚೀಲ ಹೇರುತ್ತಾನೆ, ಚೀಲ ಇಲ್ಲದ ದಿನ ಕಾಗಿನೆಲೆಗೆ ಹೋಗುವ ಭಕ್ತರನ್ನು ಹೇರುತ್ತಾನೆ. ಊರಲ್ಲಿ ಒಳ್ಳೆಯ ಹೆಸರು. ಹಿರಿಯರು ಎದುರು ಬಂದರೆ ಬೀಡಿಯನ್ನು ಬೆನ್ನ ಹಿಂದೆ ಹಿಡಿಯುತ್ತಾನೆ. ಟಂಟಂ ಎಂದರೆ ಅವನಿಗೆ ಪ್ರಾಣ. ಅಮಾವಾಸ್ಯೆ ಬಂದರೆ ಅದನ್ನು ತೊಳೆದು, ದೃಷ್ಟಿಯಾಗಬಾರದೆಂದು ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ, ಊದಿನಕಡ್ಡಿ ಬೆಳಗುತ್ತಾನೆ. ಯಾರಾದರೂ ಒರಗಿ ನಿಂತರೆ "ಏ, ಗೀರ ಬೀಳತೈತಿ, ದೂರ ನಿಂದ್ರು" ಎಂದು ಗದರುತ್ತಾನೆ. ಹೆಂಡತಿಗೆ ಗೀರು ಬಿದ್ದರೆ ಅಷ್ಟು ಚಿಂತೆಯಿಲ್ಲ. ಅದು ತಾನಾಗಿಯೇ ಮಾಯುತ್ತದೆ, ಪೇಂಟು ಹೊಡೆಸಬೇಕಾಗಿಲ್ಲ.

ಅವರದು ಆಶ್ರಯ ಪ್ಲಾಟಿನಲ್ಲಿ ಒಂದೇ ಖೋಲಿಯ ಮನೆ. ಮುಂದೆ ಟಂಟಂ ನಿಲ್ಲಿಸಲು ಒಳ್ಳೆಯ ತಗಡಿನ ಚಪ್ಪರ ಹಾಕಿದ್ದಾನೆ. ಹೆಂಗಸರು ಮೈ ತೊಳೆಯಬೇಕೆಂದರೆ ನಸುಕಿನಲ್ಲೆದ್ದು ಹಿತ್ತಲ ಬೇಲಿಗೆ ಹಳೆ ಸೀರೆ ಕಟ್ಟಿಕೊಳ್ಳಬೇಕು. ಸಂಜೆ ಕೊಟ್ರಪ್ಪ ಕುಡಿದು ಬಂದು ಹೊಡೆಯಲು ಶುರು ಮಾಡಿದರೆ ಆಚೀಚೆ ಮನೆಯವರು ಟಿ.ವಿ. ಸದ್ದು ಏರಿಸುತ್ತಿದ್ದರು. ಧಾರಾವಾಹಿಯಲ್ಲಿ ಸೊಸೆ ಅತ್ತಾಗ ಅವರಿಗೂ ಕಣ್ಣೀರು ಬರುತ್ತಿತ್ತು. ಬಹಳ ಮೆತ್ತಗಿನ ಮನಸ್ಸಿನ ಜನ.

ಹಿಂದಿನ ಶ್ರಾವಣದಲ್ಲಿ ಸೋಮವ್ವ ಐದು ತಿಂಗಳ ಬಸುರಿ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ನಿಂತ ಬಸಿರು. ಒಂದು ಸಂಜೆ ಕೊಟ್ರಪ್ಪ ಮುಖ ತೊಳೆದುಕೊಂಡು ಟವೆಲ್ಲು ಕೇಳಿದ. ಅವಳು ಆಗಷ್ಟೇ ಶೆಡ್ಡಿನಿಂದ ಬಂದಿದ್ದಳು, ಕೈ ತೊಳೆಯದೆ ಹಾಗೇ ಕೊಟ್ಟುಬಿಟ್ಟಳು. ಕೈಯ ಖಾರ ಟವೆಲ್ಲಿಗೆ, ಟವೆಲ್ಲಿನ ಖಾರ ಅವನ ಕಣ್ಣಿಗೆ.

"ಕುರುಡನ್ನ ಮಾಡಾಕ ನಿಂತೀ ಏನಲೇ?" ಎಂದು ಒದ್ದ. ಎಲ್ಲಿಗೆ ಒದ್ದೆ ಎಂದು ಅವನಿಗೆ ಕಾಣಲಿಲ್ಲವಂತೆ. ಕಣ್ಣು ಉರಿಯುತ್ತಿತ್ತಲ್ಲ, ಪಾಪ. ಅದೇ ಖಾರದ ಕೈ ದುಡಿದು ತಂದ ರೊಟ್ಟಿ ತಿನ್ನುವಾಗ ಅವನಿಗೆ ಎಂದೂ ಉರಿದಿರಲಿಲ್ಲ.

ಹೊಟ್ಟೆಯಲ್ಲಿದ್ದದ್ದು ಹೋಯಿತು. ಸೋಮವ್ವ ವಾರ ಕಳೆಯುವುದರೊಳಗೆ ಶೆಡ್ಡಿಗೆ ಬಂದು ತನ್ನ ಜಾಗದಲ್ಲಿ ಕುಳಿತಳು. ಬಂದದ್ದು ಸೋಮವ್ವನೇ, ಹಾಸ್ಯ ಹೇಳುವವಳು ಬರಲಿಲ್ಲ. ನಿದ್ದೆ ಹತ್ತುತ್ತಿರಲಿಲ್ಲ. ಓಣಿಯ ತುದಿಯಲ್ಲಿ ಟಂಟಂ ಸದ್ದು ಕೇಳಿದರೆ ಜೋಳದ ಚೀಲದ ಹಿಂದೆ ಹೋಗಿ ಮುದುಡಿ ಕೂಡುತ್ತಿದ್ದಳು. ಶೆಡ್ಡಿನಲ್ಲಿ ಹಮಾಲರು ಚೀಲವನ್ನು ಧೊಪ್ಪನೆ ಕೆಡವಿದರೆ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಬಗ್ಗಿಬಿಡುತ್ತಿದ್ದಳು.

ಮೊದಮೊದಲು ಎಲ್ಲರೂ ನಕ್ಕರು. ಹಮಾಲರಿಗೆ ಅದೊಂದು ಆಟವಾಯಿತು. ಅವಳ ಹಿಂದೆ ಮೆಲ್ಲಗೆ ಬಂದು ಬೇಕೆಂದೇ ಚೀಲ ಕೆಡವುತ್ತಿದ್ದರು.

ಅವಳು ತಲೆ ಹಿಡಿದುಕೊಂಡಾಗ ಯಾರಿಗೂ ಚಿಂತೆಯಾಗಲಿಲ್ಲ. ಊಟದ ಬುತ್ತಿ ಬಿಚ್ಚದೆ ಮನೆಗೆ ಒಯ್ದಾಗಲೂ ಆಗಲಿಲ್ಲ. ಒಂದು ದಿನ ಅವಳ ಕೈ ತಪ್ಪಿತು. ಮುರಿದ ತೊಟ್ಟನ್ನು ಕಾಯಿಯ ರಾಶಿಗೆ ಹಾಕತೊಡಗಿದಳು, ಕಾಯಿಯನ್ನು ಕಸಕ್ಕೆ. ಮಧ್ಯಾಹ್ನದ ತನಕ ಯಾರೂ ನೋಡಲಿಲ್ಲ. ನೋಡಿದವರು ಸಾಹುಕಾರರೇ. ಊರಿಗೆ ಅವಳ ಕಾಯಿಲೆ ತಿಳಿದದ್ದು ಆಗ.

"ಅಯ್ಯೋ, ಈ ಹೆಣ್ಮಗಳಿಗೆ ಏನೋ ಆಗೈತ್ರೋ!" ಎಂದು ಅವರು ಕೂಗಿದ ಕೂಗಿನಲ್ಲಿ ನಿಜವಾದ ನೋವಿತ್ತು. ಒಳ್ಳೆಯ ಕಾಯಿ ಅರ್ಧ ಚೀಲ ಕಸಕ್ಕೆ ಬಿದ್ದಿತ್ತು. ಕೊಟ್ರಪ್ಪನನ್ನು ಕರೆಸಿದರು. "ದವಾಖಾನಿಗೆ ತೋರ್ಸು. ಸುಗ್ಗಿ ಐತಿ, ಲಗೂ ತೋರ್ಸು" ಎಂದರು.

ಕೊಟ್ರಪ್ಪ ಅವಳನ್ನು ರಾಣೆಬೆನ್ನೂರಿಗೆ ಒಂದು ಖಾಸಗಿ ದವಾಖಾನೆಗೆ ಕರೆದುಕೊಂಡು ಹೋದ. ಡಾಕ್ಟರು ಕೊಟ್ರಪ್ಪನ ಕಡೆ ನೋಡಿ ಕೇಳಿದರು.

"ಏನ್ ತ್ರಾಸ ಐತಿ?"

"ನಿದ್ದಿ ಮಾಡೂದಿಲ್ರಿ. ಮಾತಾಡೂದಿಲ್ರಿ. ಸುಮ್ಮಸುಮ್ನ ಬೆದರತಾಳ್ರಿ."

"ಊಟ?"

"ಹಾಕಿದ್ರ ಉಣ್ಣತಾಳ್ರಿ," ಎಂದ ಕೊಟ್ರಪ್ಪ, ದಿನಾ ಬಡಿಸುವವನು ತಾನೇ ಎಂಬ ಹಾಗೆ.

ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿದರು. ಸೋಮವ್ವನ ದವಡೆಯ ಮೇಲೆ ನೀಲಿಗಟ್ಟಿತ್ತು.

"ಇದೇನಿದು?"

"ಬಚ್ಚಲದಾಗ ಕಾಲ ಜಾರಿ ಬಿದ್ದಾಳ್ರಿ."

"ಮತ್ತ ತೋಳಿಗೆ?"

"ಅದೂ ಬಚ್ಚಲದಾಗ್ರಿ."

ಡಾಕ್ಟರು ಗಂಭೀರವಾಗಿ ತಲೆಯಾಡಿಸಿದರು. "ಪಾಚಿ ಕಟ್ಟಿರಬೇಕು. ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಸ್ರಿ. ಈಕಿಗೆ ರಕ್ತ ಕಡಿಮಿ ಐತಿ, ವೀಕ್‌ನೆಸ್. ಒಂದ್ ಬಾಟ್ಲಿ ಹಚ್ಚೂಣು."

ಸಲಾಯಿನ್ ಬಾಟಲಿ ಹಚ್ಚಿದರು. ಕೆಂಪು ಗುಳಿಗೆ ಬರೆದುಕೊಟ್ಟರು. ಅಷ್ಟು ಹೊತ್ತಿನಲ್ಲಿ ಡಾಕ್ಟರು ಸೋಮವ್ವನಿಗೆ ಆಡಿದ ಮಾತು ಒಂದೇ: "ಬಾಯಿ ತೆಗಿ." ಅದೂ ನಾಲಿಗೆ ನೋಡುವುದಕ್ಕೆ.

ಕೆಂಪು ಗುಳಿಗೆಯಿಂದ ನಿದ್ದೆ ಬರಲಿಲ್ಲ. ಆಗ ಅತ್ತೆ ಉಚ್ಚಂಗೆವ್ವ ತನಗೆ ಮೊದಲೇ ಗೊತ್ತಿದ್ದದ್ದನ್ನು ಮಗನಿಗೆ ಹೇಳಿದಳು.

"ಇದು ದವಾಖಾನಿಗೆ ಹೋಗೂ ಬ್ಯಾನಿ ಅಲ್ಲ. ಗಾಳಿ ಬಡದೈತಿ. ನನಗೂ ಮದಿವ್ಯಾದ ಹೊಸದಾಗ ಹಿಂಗ ಆಗಿತ್ತು. ನಿಮ್ಮಪ್ಪ ಹೊಡದಾಗೊಮ್ಮೆ ಹಲ್ಲ ಕಚ್ಚತಿದ್ದೆ. ಗಾಳಿ ಅಂತ ಲಕ್ಕಿ ಬರಲಿನಿಂದ ಬಡದ ಬಿಡಿಸಿದ್ರು. ನಾ ಬದುಕಲಿಲ್ಲೇನು?"

ಬದುಕಿದ್ದಳು, ನಿಜ. ನಲವತ್ತು ವರ್ಷವಾದರೂ ಅವಳು ಮನೆಯ ಗೋಡೆಗೆ ಬೆನ್ನು ಕೊಟ್ಟೇ ಮಲಗುತ್ತಾಳೆ. ಯಾಕೆಂದು ಅವಳಿಗೇ ಗೊತ್ತಿಲ್ಲ.

ಗಾಳಿ ಬಿಡಿಸುವ ಹುಲಿಗೇಶಜ್ಜ ಬಂದ. ಮೇಡ್ಲೇರಿ ದಾಟಿ ಹೋದರೆ ಹೊಳೆಯ ದಂಡೆಯಲ್ಲಿ ಅವನದೊಂದು ಚಪ್ಪರವಿದೆ. ಚಪ್ಪರದ ಕಂಬಗಳಿಗೆ ಹೆಂಗಸರನ್ನು ಕಟ್ಟಿರುತ್ತಾನೆ. ಗಂಡಸರಿಗೂ ಗಾಳಿ ಬಡಿಯುವುದುಂಟಂತೆ, ಆದರೆ ಕಂಬಗಳಲ್ಲಿ ಯಾವಾಗ ನೋಡಿದರೂ ಹೆಂಗಸರೇ.

"ಬೆಂಕಿ ತರ್ರಿ. ಬ್ಯಾಡಗಿ ಕಾಯಿ ತರ್ರಿ. ಹೊಗಿ ಹಾಕೂಣು. ಮನಷ್ಯಾ ಆದ್ರ ಕೆಮ್ಮತಾನ. ಕೆಮ್ಮದಿದ್ರ ಒಳಗ ಇನ್ನೊಂದ್ ಐತಿ ಅಂತ ತಿಳೀರಿ."

ಕಾಯಿ ಬೇಕೆಂದಾಗ ಮಾಲತೇಶಪ್ಪ ಸಾಹುಕಾರರು ಧಾರಾಳವಾಗಿ ಒಂದು ಬುಟ್ಟಿ ಕಳಿಸಿದರು. ತೊಟ್ಟು ಮುರಿದ ಸ್ವಚ್ಛ ಕಾಯಿ. ಮುರಿದವಳು ಸೋಮವ್ವನೇ.

ಬಾಂಡಲಿಯ ಕೆಂಡದ ಮೇಲೆ ಅಜ್ಜ ಮುಷ್ಟಿಗಟ್ಟಲೆ ಕಾಯಿ ಸುರಿದ. ಒಂದೇ ಖೋಲಿಯ ಮನೆ, ಮುಚ್ಚಿದ ಕಿಟಕಿ. ಹೊಗೆ ಎದ್ದ ಕೂಡಲೇ ಉಚ್ಚಂಗೆವ್ವ ಕೆಮ್ಮುತ್ತಾ ಹೊರಗೆ ಓಡಿದಳು. ಕೊಟ್ರಪ್ಪ ಅವಳನ್ನು ದಾಟಿ ಓಡಿದ. ಬಾಗಿಲಲ್ಲಿ ಇಣುಕುತ್ತಿದ್ದ ಓಣಿಯ ಜನ ಚೆಲ್ಲಾಪಿಲ್ಲಿಯಾದರು. ಅಜ್ಜನ ಮೂಗು ಕಣ್ಣು ಎರಡೂ ಸೋರತೊಡಗಿದವು. ಸೋಮವ್ವ ಕುಳಿತಲ್ಲೇ ಕುಳಿತಿದ್ದಳು. ಕಣ್ಣಲ್ಲಿ ನೀರು ಬಂತು, ಅಷ್ಟೇ. ಇಪ್ಪತ್ತು ಸುಗ್ಗಿ ಮೆಣಸಿನಕಾಯಿಯ ಧೂಳು ನುಂಗಿದ ಗಂಟಲು ಅದು. ಒಂದು ಬಾಂಡಲಿ ಹೊಗೆಗೆ ಅದೇಕೆ ಕೆಮ್ಮೀತು?

ಊರಿನ ಶೆಡ್ಡು ಶೆಡ್ಡಿನಲ್ಲೂ ಇಂಥ ಗಂಟಲುಗಳೇ ಇದ್ದವು. ಆದರೂ ಈ ಮಾತು ಆ ಹೊತ್ತಿಗೆ ಬ್ಯಾಡಗಿಯ ಒಬ್ಬನಿಗೂ ಹೊಳೆಯಲಿಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ.

"ನೋಡಿದ್ರಿಲ್ಲೋ?" ಅಜ್ಜ ಅಂಗಳಕ್ಕೆ ಬಂದು ಕೆಮ್ಮಿನ ನಡುವೆ ಹೇಳಿದ. "ಕೆಮ್ಮಲಿಲ್ಲ! ಸಣ್ಣ ಗಾಳಿ ಅಲ್ಲಿದು."

ಆಮೇಲೆ ಲಕ್ಕಿ ಗಿಡದ ಕಡ್ಡಿಗಳ ಬರಲು ತಗೊಂಡು ಬಡಿದ. ಅಜ್ಜನ ಕೈ ಸೋತಾಗ ಕೊಟ್ರಪ್ಪ ತಗೊಂಡ. ಈ ಸಲ ಆಚೀಚೆ ಮನೆಯವರು ಟಿ.ವಿ. ಸದ್ದು ಏರಿಸಲಿಲ್ಲ. ಬಂದು ನಿಂತು ನೋಡಿದರು. ಗಂಡ ಹೊಡೆದರೆ ಅದು ಮನೆಯ ಮಾತು, ಗಾಳಿಗೆ ಹೊಡೆದರೆ ಊರ ಒಳಿತು.

ಅಜ್ಜ ತೀರ್ಪು ಕೊಟ್ಟ. "ಬರೂ ಅಮಾಸಿಗೆ ನನ್ನ ಕಡೆ ತಂದ ಬಿಡ್ರಿ. ಕಂಬಕ್ಕ ಕಟ್ಟತೇನಿ. ಬಿಟ್ರ ಬಿಟ್ಟೀತು, ಇಲ್ಲಂದ್ರ ಅಲ್ಲೇ ಬಿದ್ದಿರ್ತಾಳ."

"ಮತ್ತ ಮನ್ಯಾಗ ದೀಪಾ ಹಚ್ಚವರು ಯಾರ್ರಿ ಅಜ್ಜಾರ?" ಉಚ್ಚಂಗೆವ್ವ ಕೇಳಿದಳು.

"ಗಂಡ್ಸು ಎಷ್ಟ ದಿನಾ ಕೈ ಸುಟ್ಕೋಬೇಕು? ಬ್ಯಾರೆ ನೋಡ್ರಿ."

ನೋಡಿಯೇ ಇಟ್ಟಿದ್ದರು. ಕುಮಾರಪಟ್ಟಣದ ಕಡೆ ದೂರದ ಸಂಬಂಧ. ಕೊಟ್ರಪ್ಪ ಆಗಲೇ ಹೊಸ ಅಂಗಿ ಹೊಲಿಯಲು ಹಾಕಿದ್ದ. ಓಣಿಯ ಹಿರಿಯರು ಅವನ ಬೆನ್ನು ಸವರಿ, "ಭಾಳ ಅನುಭವಿಸಿದಿ ತಮ್ಮಾ" ಎಂದರು. ಅವನೂ ಕಣ್ಣೊರೆಸಿಕೊಂಡ. ಹುಲಿಗೇಶಜ್ಜನ ಚಪ್ಪರದಿಂದ ತಿರುಗಿ ಬಂದ ಹೆಂಗಸನ್ನು ಆ ಓಣಿಯಲ್ಲಿ ಯಾರೂ ಕಂಡಿರಲಿಲ್ಲ. ಕರೆತರಲು ಹೋದವರೂ ಇರಲಿಲ್ಲ.

ಅಮಾವಾಸ್ಯೆಯ ತನಕ ಸೋಮವ್ವ ಶೆಡ್ಡಿಗೆ ಬರುತ್ತಲೇ ಇದ್ದಳು. ಗಾಳಿ ಬಡಿದವಳಾದರೂ ದುಡಿಮೆಗೆ ಅಡ್ಡಿಯಿಲ್ಲವೆಂದು ಉಚ್ಚಂಗೆವ್ವನೇ ಕಳಿಸುತ್ತಿದ್ದಳು. ಸಾಹುಕಾರರು ರಾಶಿಯಿಂದ ಅವಳನ್ನು ಎಬ್ಬಿಸಿ ಕಸ ಗುಡಿಸಲು ಹಚ್ಚಿದ್ದರು. ಸೋಮವ್ವನ ಓಣಿಯವಳೇ ಆದ ಹೊಳಿಯವ್ವ ತೊಟ್ಟು ಮುರಿಯುತ್ತಾ ಎಲ್ಲರಿಗೂ ಹೊಗೆ ಹಾಕಿದ ಕತೆ ಹೇಳಿದಳು.

"ಒಂದರ ಸಲ ಕೆಮ್ಮಬೇಕಲ್ಲ! ನನಗಂತೂ ಮೈ ಜುಂ ಅಂತು."

ಅಮೀರಬಿ ಕೈ ನಿಲ್ಲಿಸಿದಳು. "ಯಾವ ಕಾಯಿ ಹಾಕಿದ್ರು?"

"ನಮ್ಮವ. ಈ ರಾಶೀವ."

"ಹೊಳಿಯವ್ವಾ, ಈಗ ನೀ ಕೆಮ್ಮಾಕತ್ತೀ ಏನು?"

"ಇಲ್ಲ."

"ಯಾಕ ಕೆಮ್ಮವಲ್ಲಿ? ಮೂಗಿನ ಮುಂದ ರಾಶಿ ಐತಿ. ಹೊರಗಿನಾವ ಬಂದ್ರ ಸೀನಿ ಸೀನಿ ಸಾಯತಾನ."

"ನನಗ ರೂಢಿ ಆಗೇತಿ ಬಿಡು. ಸಣ್ಣಾಕಿ ಇದ್ದಾಗಿಂದ..."

ಹೊಳಿಯವ್ವ ಅಲ್ಲಿಗೆ ನಿಂತಳು. ತೊಟ್ಟು ಮುರಿಯುವ ಚಟಚಟ ಸದ್ದು ಒಂದೊಂದಾಗಿ ನಿಂತಿತು. ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು.

"ಹಂಗಾರ ನಮಗೆಲ್ಲಾರ್ಗೂ ಗಾಳಿ ಬಡದೈತಿ ಅಂದಂಗಾತು."

ಶೆಡ್ಡಿಗೆ ಶೆಡ್ಡೇ ನಕ್ಕಿತು. ನಗು ನಿಂತ ಮೇಲೆ ಹೊಳಿಯವ್ವ ಮೆಲ್ಲಗೆ ಹೇಳಿದಳು.

"ನನಗೂ ಎದಿ ಡವಡವ ಅಂತೈತಬೇ. ಅಂವ ಸತ್ತು ಎಷ್ಟೋ ವರ್ಷ ಆತು. ಇನ್ನೂ ಬಾಗಿಲಾ ಸಪ್ಪಳಾದ್ರ ಎದ್ದ ಕುಂದ್ರತೇನಿ. ಬಂದ ಅನಸ್ತೈತಿ."

"ಸತ್ತ ಮ್ಯಾಲೂ ಡ್ಯೂಟಿ ಬಿಟ್ಟಿಲ್ಲಲ್ಲವಾ ನಿನ್ನ ಗಂಡ," ಎಂದಳು ಅಮೀರಬಿ. ಈ ಸಲ ಯಾರೂ ನಗಲಿಲ್ಲ. ಒಬ್ಬಳು ತನಗೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ಎಂದಳು. ಇನ್ನೊಬ್ಬಳು ತಾನು ಬಾವಿಯ ಹತ್ತಿರ ಹೋಗುವುದನ್ನೇ ಬಿಟ್ಟಿದ್ದೇನೆ, ಒಳಗಿನಿಂದ ಯಾರೋ ಕರೆದ ಹಾಗೆ ಆಗುತ್ತದೆ ಎಂದಳು. ಒಂದೇ ರಾಶಿಯ ಸುತ್ತ ವರ್ಷಗಟ್ಟಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತವರು. ಸೀರೆಯ ಬಣ್ಣ, ಸೊಸೆಯ ಬಾಯಿ, ಸಾರಿನ ರುಚಿ ಎಲ್ಲ ಮಾತಾಡಿದ್ದರು. ಇದೊಂದನ್ನು ಮಾತಾಡಿರಲಿಲ್ಲ. ಗಾಳಿ ಬಡಿದಿದೆ ಎಂದರೆ ಎಂದು ಹೆದರಿ ಒಬ್ಬೊಬ್ಬರೂ ತಮ್ಮ ತಮ್ಮೊಳಗೇ ಇಟ್ಟುಕೊಂಡಿದ್ದರು.

ಅಷ್ಟರಲ್ಲಿ ಹಮಾಲನೊಬ್ಬ ಚೀಲ ಕೆಡವಿದ. ಮೂಲೆಯಲ್ಲಿ ಕಸಬರಿಗೆ ಬಿತ್ತು. ಸೋಮವ್ವ ತಲೆ ಮುಚ್ಚಿಕೊಂಡು ಬಗ್ಗಿದ್ದಳು.

ಅಮೀರಬಿ ಎದ್ದು ಹೋಗಿ ಅವಳ ಪಕ್ಕ ಕುಳಿತಳು. "ಸೋಮವ್ವಾ, ನನ್ನವ್ವ, ಏನಾಕ್ಕೈತಿ ನಿನಗ? ನಾ ಕೇಳಾಕತ್ತೇನಿ. ಹೇಳು."

ಸೆರಗಿನೊಳಗಿಂದ ದನಿ ಬಂತು.

"ಚೀಲಾ ಬಿದ್ರ... ಅಂವ ಒದ್ದ ಸಪ್ಪಳ ಕೇಳತೈತಿ. ಹೊಟ್ಟೀಗೆ ಒದ್ದದ್ದು." ಸೆರಗು ಸರಿಸಿ, "ನನ್ನ ಆ ಕಂಬಕ್ಕ ಕಳಸಬ್ಯಾಡ್ರಬೇ. ನಾ ಹೋಗಂಗಿಲ್ಲ" ಎಂದಳು.

ಹೊಳಿಯವ್ವ ಹಮಾಲರ ಕಡೆ ತಿರುಗಿ ಎಂದೂ ಇಲ್ಲದ ದನಿಯಲ್ಲಿ ಕೂಗಿದಳು. "ಏ ನಿಮ್ಮೌನ, ಚೀಲಾ ಸಾವಕಾಶ ಇಳಸ್ರೋ! ಅದರಾಗ ಮೆಣಸಿನಕಾಯಿ ಐತಿ, ನಿಮ್ಮ ಗಂಡಸ್ತನ ಅಲ್ಲ!"

ಅಂದಿನಿಂದ ಮಾಲತೇಶಪ್ಪನವರ ಶೆಡ್ಡಿನಲ್ಲಿ ಚೀಲಗಳು ಸದ್ದಿಲ್ಲದೆ ಇಳಿದವು. ಹಮಾಲರು ಕೆಟ್ಟವರೇನಲ್ಲ. ಅವರಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಅಮಾವಾಸ್ಯೆಯ ದಿನ ಬೆಳಿಗ್ಗೆ ಕೊಟ್ರಪ್ಪ ಟಂಟಂ ತಂದು ಶೆಡ್ಡಿನ ಮುಂದೆ ನಿಲ್ಲಿಸಿದ. ತೊಳೆದ ಗಾಡಿ, ಹೊಸ ನಿಂಬೆಹಣ್ಣು ಮೆಣಸಿನಕಾಯಿ, ಮೈಮೇಲೆ ಹೊಸ ಅಂಗಿ. ಮುಂದಿನ ಸೀಟಿನಲ್ಲಿ ಹುಲಿಗೇಶಜ್ಜ ಕುಳಿತಿದ್ದ. ಟಂಟಂ ಸದ್ದು ಕೇಳಿದ್ದೇ ಸೋಮವ್ವ ಕಾಯಿರಾಶಿಯ ಹಿಂದೆ ಹೋಗಿ ಕುಳಿತಳು.

"ಬಾರಲೇ ಹೊರಗ," ಎಂದ ಕೊಟ್ರಪ್ಪ.

ಬಾಗಿಲಿಗೆ ಬಂದವಳು ಅಮೀರಬಿ. "ಎಲ್ಲಿಗೆ ಒಯ್ಯಾಕತ್ತೀ?"

"ನಮ್ಮ ಮನೀ ಮಾತು ನಿನಗ್ಯಾಕಬೇ ಮುದುಕಿ? ಗಾಳಿ ಬಡದೈತಿ. ಅಜ್ಜಾರು ಪರೀಕ್ಷಾ ಮಾಡ್ಯಾರ."

"ಆ ಪರೀಕ್ಷಾ ನಮಗೂ ಮಾಡ್ರಿ."

ಅಜ್ಜ ಹಲ್ಲು ಕಿರಿದ. "ನಿಮ್ಮೋರಿಗೆ ನಮ್ಮ ಗಾಳಿ ಬಡಿಯೂದಿಲ್ಲ ಬಾಯಿ."

"ಹೊಡತ ಮಾತ್ರ ಒಂದ ನಮೂನಿ ಬೀಳತಾವಲ್ಲೋ ಅಜ್ಜಾ, ನಮಗೂ ಇವರಿಗೂ? ಅದ್ಹೆಂಗ?"

ಹೊಳಿಯವ್ವ ಅಷ್ಟರೊಳಗೆ ಎದುರಿನ ಚಹದ ಅಂಗಡಿಯಿಂದ ಬಾಂಡಲಿ ತುಂಬ ಕೆಂಡ ತಂದಿದ್ದಳು. ಶೆಡ್ಡಿನ ನಡುವೆ ಇಟ್ಟು ಕಾಯಿ ಸುರಿದಳು. ಬ್ಯಾಡಗಿ ಕಾಯಿಯಲ್ಲ. ಮೂಲೆಯಲ್ಲಿ ಗುಂಟೂರಿನ ಚೀಲವೊಂದಿತ್ತು, ಖಾರ ಸಾಲದ ಪುಡಿಗೆ ಸಾಹುಕಾರರು ಬೆರೆಸಲು ತರಿಸಿದ್ದು. ಅದನ್ನೇ ಸುರಿದಳು. ಹೆಂಗಸರೆಲ್ಲ ಬಾಂಡಲಿಯ ಸುತ್ತ, ರಾಶಿಯ ಸುತ್ತ ಕೂಡುವ ಹಾಗೆಯೇ ಕುಳಿತರು. ಸೋಮವ್ವನನ್ನು ನಡುವೆ ಕೂಡಿಸಿಕೊಂಡರು.

ಹೊಗೆ ಎದ್ದಿತು. ಹಮಾಲರು ಓಡಿದರು. ಕೊಟ್ರಪ್ಪ ಹೊಸ ಅಂಗಿಯ ತೋಳಿನಲ್ಲಿ ಮೂಗು ಮುಚ್ಚಿಕೊಂಡು ಟಂಟಂ ಹಿಂದೆ ಅಡಗಿದ. ಅಜ್ಜ ಸೀಟಿನಿಂದ ಇಳಿದು ರಸ್ತೆಯಂಚಿನಲ್ಲಿ ಕುಕ್ಕರಿಸಿ ಕೆಮ್ಮುತ್ತಿದ್ದ, ಬಾಯಲ್ಲಿ ಮಂತ್ರ ಹೊರಡಲಿಲ್ಲ. ಹೆಂಗಸರ ಕಣ್ಣಲ್ಲಿ ನೀರಿಳಿಯಿತು, ಒಬ್ಬಿಬ್ಬರ ಗಂಟಲು ಗರಗರ ಎಂದಿತು. ಎದ್ದವರು ಯಾರೂ ಇಲ್ಲ.

ಹೊಗೆ ತಿಳಿಯಾದ ಮೇಲೆ ಎಲ್ಲರೂ ಒಟ್ಟಿಗೆ ಹೊರಗೆ ಬಂದು ಟಂಟಂ ಹತ್ತತೊಡಗಿದರು. ಹತ್ತಲು ಜಾಗ ಸಿಗದವರು ಗಾಡಿಗೆ ಒರಗಿ ನಿಂತರು. ಗೀರು ಬಿದ್ದರೆ ಬೀಳಲಿ ಎಂಬ ಹಾಗೆ.

"ಏ, ಏನ್ ಮಾಡಾಕತ್ತೀರಿ?" ಕೊಟ್ರಪ್ಪ ಒದ್ದಾಡಿದ.

"ನಾವೂ ಕೆಮ್ಮಲಿಲ್ಲೋ ತಮ್ಮಾ," ಎಂದಳು ಅಮೀರಬಿ. "ಎಲ್ಲಾರ್ಗೂ ಬಡದೈತಿ. ಅಜ್ಜಾ, ಕಂಬ ಎಷ್ಟ ಅದಾವೋ ನಿನ್ನಲ್ಲಿ? ಸಾಲೂದಿಲ್ಲ. ಬ್ಯಾಡಗಿ ಹೆಂಗಸರನ್ನೆಲ್ಲಾ ಕಟ್ಟಬೇಕು. ದಿನಾ ಇಷ್ಟೂ ಮಂದಿಗೆ ರೊಟ್ಟಿ ಬಡ್ಯಾಕ ತಯಾರಿದ್ದೀ ಇಲ್ಲೋ?"

ಗದ್ದಲ ಕೇಳಿ ಮಾಲತೇಶಪ್ಪ ಸಾಹುಕಾರರು ಧೋತರ ಎತ್ತಿಕೊಂಡು ಓಡಿ ಬಂದರು. ಖಾಲಿ ಶೆಡ್ಡು ನೋಡಿದರು, ಗುಡ್ಡದಂಥ ರಾಶಿ ನೋಡಿದರು. ಮರುದಿನ ಲಾರಿ ಬರುವುದಿತ್ತು. ಅವರ ಮನಸ್ಸಿನಲ್ಲಿ ಕರುಣೆ ಉಕ್ಕಿ ಬಂತು.

"ಕೊಟ್ರ್ಯಾ! ಬುದ್ಧಿ ಐತಿಲ್ಲೋ ನಿನಗ? ಕಟ್ಟಿಕೊಂಡ ಹೆಂಡ್ತಿನ್ನ ಹೊಳಿದಂಡಿಗೆ ಚೆಲ್ಲಾಕ ಹೊಂಟೀಯಲ್ಲೋ! ಬಿಡ ಆಕಿನ್ನ. ನಡೀರಬೇ ತಂಗೀದೇರ, ಇಳೀರಿ. ನ್ಯಾಯಾ ನಾ ಮಾಡತೇನಿ. ಮಾಲು ಮುಗಿಸಿದ ಮ್ಯಾಲ ಕುಂತ ಮಾತಾಡೂಣು."

"ಇಂವ ಹೊಡದದ್ದು ತಪ್ಪು ಅಂತ ಒಂದ ಮಾತು ಅನ್ರಿ ಸಾವ್ಕಾರ್ರ. ಇಳೀತೇವಿ," ಎಂದಳು ಹೊಳಿಯವ್ವ.

ಸಾಹುಕಾರರು ಧೋತರದ ಚುಂಗು ಸರಿಮಾಡಿಕೊಂಡರು. ಮನೆ ಎಂದ ಮೇಲೆ ಇದ್ದದ್ದೇ, ಗಂಡ ಹೆಂಡತಿ ಎಂದ ಮೇಲೆ ಇದ್ದದ್ದೇ ಎಂದು ಏನೋ ಗೊಣಗಿದರು. ಆ ಮಾತು ಮಾತ್ರ ಅವರ ಬಾಯಿಂದ ಬರಲಿಲ್ಲ. ಗೋದಾಮಿಗೆ ಹೊಂದಿದ ಅವರ ಮನೆಯ ಬಾಗಿಲ ಹಿಂದೆ ಅವರ ಹೆಂಡತಿಯೂ ನಿಂತು ಇದನ್ನೆಲ್ಲ ಕೇಳುತ್ತಿದ್ದರು.

"ಗಾಡಿ ಚಾಲೂ ಮಾಡು," ಎಂದಳು ಅಮೀರಬಿ ಕೊಟ್ರಪ್ಪನಿಗೆ. "ಹಾವೇರಿ ದೊಡ್ಡ ದವಾಖಾನಿಗೆ ನಡಿ. ಅಲ್ಲಿ ಇಂಥಾ ಬ್ಯಾನಿ ನೋಡೂ ಡಾಕ್ಟರಬಾಯಿ ಅದಾಳ. ನನ್ನ ತಂಗಿ ಮಗಳನ್ನ ತೋರ್ಸಿದ್ವಿ."

"ನಾ ಹೊಡ್ಯಂಗಿಲ್ಲ ಗಾಡಿ."

"ಹಂಗಾರ ನಾವ ಹೊಡೀತೇವಿ. ಎಲ್ಲಿ ಗುದ್ದತೈತೋ ಗೊತ್ತಿಲ್ಲ ನೋಡು ಮತ್ತ." ಹೊಳಿಯವ್ವ ಆಗಲೇ ಹ್ಯಾಂಡಲು ಹಿಡಿದಿದ್ದಳು.

ಹೆಂಡತಿಗಾಗಿ ಎಂದೂ ಓಡದ ಕೊಟ್ರಪ್ಪ ಗಾಡಿಗಾಗಿ ಓಡಿಬಂದು ಕುಳಿತ. ಕ್ರಾಸಿನ ತನಕವಾದರೂ ಆಯಿತೆಂದು ಅಜ್ಜನೂ ಅವನ ಪಕ್ಕ ಹತ್ತಿಕೊಂಡ. ಹಿಂದೆ ಸೋಮವ್ವನನ್ನು ನಡುವಿಟ್ಟುಕೊಂಡು ಹಿಡಿಸುವಷ್ಟು ಹೆಂಗಸರು ಕುಳಿತರು. ಉಳಿದವರು ಇವರು ತಿರುಗಿ ಬರುವ ತನಕ ಒಂದು ತೊಟ್ಟೂ ಮುರಿಯುವುದಿಲ್ಲವೆಂದು ಶೆಡ್ಡಿನ ಮುಂದೆಯೇ ಕುಳಿತರು. ಮೋಟೆಬೆನ್ನೂರ ಕ್ರಾಸಿನಲ್ಲಿ ಟಂಟಂ ನಿಧಾನಿಸಿತು. ಬಲಕ್ಕೆ ಹೊರಳಿದರೆ ರಾಣೆಬೆನ್ನೂರು, ಅಲ್ಲಿಂದ ಹೊಳೆದಂಡೆ. ಎಡಕ್ಕೆ ಹಾವೇರಿ. ಹುಲಿಗೇಶಜ್ಜ ಅಲ್ಲೇ ಇಳಿದುಕೊಂಡ. ಇಷ್ಟೊಂದು ದೆವ್ವಗಳ ಜೊತೆ ಒಂದೇ ಗಾಡಿಯಲ್ಲಿ ಹೋಗಿ ಅವನಿಗೆ ರೂಢಿಯಿಲ್ಲ. ಸೋಮವ್ವ ಅಮೀರಬಿಯ ಮಣಿಕಟ್ಟು ಗಟ್ಟಿಯಾಗಿ ಹಿಡಿದಿದ್ದಳು. ಗಾಡಿ ಎಡಕ್ಕೆ ಹೊರಳುವ ತನಕ ಬಿಡಲಿಲ್ಲ.

ಹಾವೇರಿಯ ದವಾಖಾನೆಯಲ್ಲಿ ಡಾಕ್ಟರಬಾಯಿ ಸಣ್ಣ ವಯಸ್ಸಿನವರು. ಬೆಳಗಿನಿಂದ ಜನ ನೋಡಿ ನೋಡಿ ಸುಸ್ತಾಗಿದ್ದರು. ಒಳಗೆ ನುಗ್ಗಿದ ಹೆಂಗಸರ ದಂಡಿನಿಂದ ಮೆಣಸಿನಕಾಯಿಯ ಹೊಗೆ ಬಡಿದು ಎರಡು ಸಲ ಸೀನಿದರು. ಹೊರಗೆ ನಿಲ್ಲಿ ಎನ್ನಲು ಹೋಗಿ, ನಡುವೆ ಇದ್ದ ಮುಖ ನೋಡಿ ಕುರ್ಚಿ ತೋರಿಸಿದರು.

"ಏನಾಗೈತವಾ ನಿನಗ?"

"ನಿದ್ದಿ ಮಾಡೂದಿಲ್ರಿ," ಎಂದ ಕೊಟ್ರಪ್ಪ.

"ಆಕಿನ್ನ ಕೇಳೇನಿ."

ಸೋಮವ್ವ ನೆಲ ನೋಡುತ್ತಿದ್ದಳು. ಡಾಕ್ಟರಬಾಯಿ ಅವಳ ಗದ್ದ ಹಿಡಿದು ಮೆಲ್ಲಗೆ ಎತ್ತಿದರು. ದವಡೆಯ ನೀಲಿ ಹಳದಿಯಾಗಿತ್ತು. ಬರಲಿನ ಬಾಸುಂಡೆ ಕತ್ತಿನ ಹಿಂದೆ ಹೊಸದಾಗಿತ್ತು.

"ಇದು ಹೆಂಗಾತು?"

"ಬಚ್ಚಲದಾಗ ಕಾಲ ಜಾರಿ..."

"ನೀವು ಸುಮ್ನ ಇರ್ರಿ."

ಅಷ್ಟರಲ್ಲಿ ಹೊರಗೆ ಪಡಸಾಲೆಯಲ್ಲಿ ಯಾರೋ ಕಬ್ಬಿಣದ ಮಂಚ ಎಳೆದು ಕೆಡವಿದರು. ಸೋಮವ್ವನ ಎರಡೂ ಕೈ ತಲೆಯ ಮೇಲೆ ಹೋದವು. ಕುರ್ಚಿಯಲ್ಲೇ ಬಗ್ಗಿ ಚಿಕ್ಕದಾದಳು. ಕೊಟ್ರಪ್ಪ ಡಾಕ್ಟರಬಾಯಿಯ ಕಡೆ ನೋಡಿ, ಕಂಡಿರಲ್ಲ, ಇದೇ ನೋಡಿರಿ ಗಾಳಿ ಎಂಬ ಹಾಗೆ ಕೈ ತಿರುವಿದ. ಅಮೀರಬಿ ಮುಂದೆ ಬರಲು ಹೋದಳು. ಹೊಳಿಯವ್ವ ಅವಳ ಸೆರಗು ಹಿಡಿದು ನಿಲ್ಲಿಸಿದಳು.

ಡಾಕ್ಟರಬಾಯಿ ಪೆನ್ನು ಕೆಳಗಿಟ್ಟು ಕಾಯುತ್ತಿದ್ದರು. ಗಡಿಬಿಡಿ ಮಾಡಲಿಲ್ಲ.

ಸೋಮವ್ವ ಕೈ ಇಳಿಸಲಿಲ್ಲ. ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡೇ, ಮೊಣಕೈಗಳ ನಡುವಿನಿಂದ ಗಂಡನ ಮುಖವನ್ನು ನೇರ ನೋಡಿದಳು. ಅವಳ ಒಂದೊಂದು ಮಾತೂ ಎಲ್ಲರಿಗೂ ಕೇಳಿಸಿತು.

"ನಮ್ಮನ್ಯಾಗ ಬಚ್ಚಲಾನ ಇಲ್ರೀ ಅಕ್ಕಾರ."